ಗೋದಲಿ ಮಾಮನೂ ಮೇಣದ ಮಗುವೂ

ಹೋದ ಭಾನುವಾರ ಪೂಜೆ ಮುಗಿಸಿಕೊಂಡು ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಆ ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು. ಹುಡುಗಿ ಅಂತೀನಿ, ಅವಳಿಗೂ ಮದುವೆಯಾಗಿ ಬೆಳೆದ ಮಕ್ಕಳಿದ್ದಾರೆ. ನಮ್ಮ ಚರ್ಚಿನ ಕ್ರಿಸ್ಮಸ್ ಸಂಚಿಕೆಗೆ ಈ ಸಲ ಅವಳೇ ಎಡಿಟರ್.

"ಆಂಟಿ, ನಮ್ಮ ತಾತನ ಬಗ್ಗೆ ನೀವೊಂದು ಬರೆದುಕೊಡಬೇಕು. ಅವರು ಗೋದಲಿ ಕಟ್ಟೋದನ್ನ ಕಣ್ಣಾರೆ ನೋಡಿದೋರು ಈಗ ನೀವೊಬ್ಬರೇ ಉಳಿದಿರೋದು."

"ನನಗೆ ಅದೆಲ್ಲ ಎಲ್ಲಿ ನೆನಪಿರುತ್ತೆ ಡಿಯರ್," ಅಂದೆ.

"ನಿಮಗಿಲ್ಲದೆ ಇನ್ಯಾರಿಗೆ ಇರುತ್ತೆ? ಬಾಲಯೇಸುನ ಬೀಳಿಸಿದ್ದು ನೀವೇ ಅಲ್ವಾ? ಅದನ್ನೂ ಬರೀರಿ ಆಂಟಿ. ಓದಿದೋರು ನಗಬೇಕು."

ಪಕ್ಕದಲ್ಲಿ ನಿಂತವರು ಆಗಲೇ ನಕ್ಕರು. ನಾನೂ ನಕ್ಕೆ. ಈ ಮಾತಿಗೆ ನಗುವುದು ನನಗೆ ಫ್ರಾಕು ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ರೂಢಿ. ಮನೆಗೆ ಬಂದು ಕೊಡೆ ಮೂಲೆಗಿಟ್ಟು, ಕಾಫಿಯನ್ನೂ ಮಾಡಿಕೊಳ್ಳದೆ ಬರೆಯೋಕೆ ಕೂತೆ. ಅವಳು ಕೇಳಿದ್ದು ಅವಳ ತಾತನ ಬಗ್ಗೆ; ತಾತನ ಬಗ್ಗೆಯೇ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಆ ಮನೆತನದವರು ಇನ್ನೂ ಭಾನುವಾರ ನನ್ನ ಹಿಂದಿನ ಬೆಂಚಿನಲ್ಲೇ ಕೂರುತ್ತಾರೆ. ಮಕ್ಕಳಾದ ನಾವು ಅವರನ್ನು ಕರೆಯುತ್ತಿದ್ದದ್ದು ಗೋದಲಿ ಮಾಮ ಅಂತ. ಅಷ್ಟು ಸಾಕು.

ಆಗ ನಾವು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿದ್ದೆವು. ಮಾಮನ ಮನೆ ನಮ್ಮ ಸಾಲಿನಲ್ಲೇ. ಸಯ್ಯಾಜಿರಾವ್ ರಸ್ತೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಅವರಿಗೆ ಕೆಲಸ. ಕ್ಯಾಮೆರಾ ಮುಟ್ಟುವುದು ಮಾಲೀಕರು, ಮಿಕ್ಕಿದ್ದೆಲ್ಲ ಮಾಮ. ಹಿಂದೆ ಇಳಿಬಿಡುವ ಪರದೆಯ ಮೇಲೆ ಕಾರಂಜಿ, ಹಂಸ, ಎಲ್ಲಿಗೂ ಹೋಗದ ಅಮೃತಶಿಲೆಯ ಮೆಟ್ಟಿಲು ಬರೆಯುವುದು. ತೆಗೆದ ಫೋಟೋಗೆ ಬಣ್ಣ ಕೊಡುವುದು. ಬಂದವರನ್ನು ಸರಿಯಾಗಿ ಕೂರಿಸುವುದು. ಈ ಕೂರಿಸುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಎರಡು ಬೆರಳನ್ನು ಗದ್ದದ ಕೆಳಗಿಟ್ಟು ಮುಖ ಎತ್ತುವರು, ಇಲ್ಲವೇ ತಲೆಯ ಮೇಲಿಟ್ಟು ಬಗ್ಗಿಸುವರು. "ಇಷ್ಟೇ. ಅಲ್ಲಾಡ್ಬೇಡಿ. ಉಸಿರು ಹಿಡೀರಿ." ಊರನ್ನೇ ನಡುಗಿಸುವ ಅಮಲ್ದಾರರೂ ಆ ಎರಡು ಬೆರಳಿಗೆ ಮಣಿದು ಉಸಿರು ಹಿಡಿಯುತ್ತಿದ್ದರು.

ಬೀದಿಯಲ್ಲಿ ನಾವು ಸಿಕ್ಕಿದರೂ ಹಾಗೇ. ಮಾತಿಗೆ ಮೊದಲು ಗದ್ದ ಎತ್ತಿ, ಬೆಳಕಿನ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಹ್ಞೂ, ಪಾಸ್," ಅನ್ನುವರು. ಯಾವ ಪರೀಕ್ಷೆ, ಏನು ಪಾಸು, ನಮಗೆ ಗೊತ್ತಿಲ್ಲ. ಆದರೂ ಆ 'ಪಾಸ್' ಸಿಕ್ಕ ದಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕೊಡುವ ಹೋಲಿ ಪಿಕ್ಚರ್ ಸಪ್ಪೆ ಅನಿಸುತ್ತಿತ್ತು.

ಉದ್ದಕ್ಕೆ, ತೆಳ್ಳಗೆ ಇದ್ದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಗುಲಾಬಿ ಬಣ್ಣ. ಊರಿನ ಹೆಂಗಸರ ಕೆನ್ನೆಗೆ ಹಚ್ಚಿ ಉಳಿದದ್ದು. "ಈ ಮನುಷ್ಯ ಮೊಸರನ್ನ ಕಲಸಿದ್ರೂ ಮದುವೆ ಊಟದ ಥರ ಕಾಣುತ್ತೆ," ಅನ್ನುತ್ತಿದ್ದರು ಅವರ ಹೆಂಡತಿ. ಅವರನ್ನು ನಾವು ಅತ್ತೆ ಅನ್ನುತ್ತಿದ್ದೆವು.

ಮಾಮನಿಗೊಂದು ಮಾತಿತ್ತು: "ಬಣ್ಣ ಒಣಗಲಿ." ಒಣಗುವ ಮುಂಚೆ ಮುಟ್ಟಿದರೆ ಚಿತ್ರ ಕೆಡುತ್ತೆ, ಅದು ಸರಿ. ಆದರೆ ಮಾಮ ಅದನ್ನು ಎಲ್ಲಕ್ಕೂ ಅನ್ನುವರು.

"ಅಡುಗೆಮನೆ ಹೆಂಚು ಒಡೆದು ಸೋರ್ತಾ ಇದೆ ಕಣ್ರೀ," ಅನ್ನುವರು ಅತ್ತೆ.

"ಬಣ್ಣ ಒಣಗಲಿ ಕಣೆ, ನೋಡೋಣ."

"ಯಾವ ಬಣ್ಣ?"

"ಯಾವುದೋ ಒಂದು ಇದ್ದೇ ಇರುತ್ತಲ್ಲ."

ಡಿಸೆಂಬರ್ ಬಂತೆಂದರೆ ಸ್ಟುಡಿಯೋ ಮಾಲೀಕರು ಮಾಮನ ಆಸೆ ಬಿಡುತ್ತಿದ್ದರು. ಚರ್ಚಿನ ಕಾಂಪೌಂಡಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ, ಏಳಬೇಕು. ಬಿದಿರಿನ ಹಂದರ, ಹುಲ್ಲಿನ ಸೂರು, ಗೋಣಿಚೀಲಕ್ಕೆ ಸಗಣಿ ಮಣ್ಣು ಮೆತ್ತಿ ಮಾಡಿದ ಗುಡ್ಡ, ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರು. ಹಿಂದಕ್ಕೆ ಮಾಮ ಬರೆದ ದೊಡ್ಡ ಪರದೆ. ಅದರಲ್ಲಿ ಬೆತ್ಲೆಹೇಮಿನ ಮೇಲೆ ನಕ್ಷತ್ರ, ನಕ್ಷತ್ರದ ಕೆಳಗೆ ಸಾಕ್ಷಾತ್ ಚಾಮುಂಡಿ ಬೆಟ್ಟ. ಮೆಟ್ಟಿಲುಗಳೂ ಇದ್ದವು. ಅರ್ಧ ದಾರಿಯಲ್ಲಿ ಕರಿ ಬಸವ.

ಆಗ ನಮಗಿದ್ದ ಫಾದರ್ ಫ್ರಾನ್ಸಿನವರು. ಪುಸ್ತಕ ಓದಿ ಕಲಿತ ಕನ್ನಡ ಅವರದು. ಬೈದರೂ ಪಾಠ ಒಪ್ಪಿಸಿದ ಹಾಗಿರುತ್ತಿತ್ತು. ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ ನೋಡಿ, "ಈ ಪರ್ವತವು ಯಾವುದು?" ಅಂದರು.

"ಬೆತ್ಲೆಹೇಮ್ ನೋಡಿದೋರು ಇಲ್ಲಿ ಯಾರಿದಾರೆ ಫಾದರ್? ಬೆಟ್ಟ ಆದರೆ ಎಲ್ಲಾರೂ ನೋಡಿದಾರೆ."

"ಈ ವೃಷಭವು?"

"ಗೋದಲಿಗೆ ಎತ್ತು ಬೇಕಲ್ಲ ಫಾದರ್. ಒಂದು ಹತ್ತಿರ ಇದೆ, ಇನ್ನೊಂದು ದೂರದಲ್ಲಿರಲಿ."

ಹುಟ್ಟಿದ ಯೇಸುವನ್ನು ನೋಡೋಕೆ ನಕ್ಷತ್ರದ ಹಿಂದೆ ಬರುವ ಮೂರು ರಾಜರದು ಇನ್ನೊಂದು ಕಥೆ. ಒಂಟೆ ಬರೆಯೋಕೆ ಮಾಮನಿಗೆ ಬರುತ್ತಿರಲಿಲ್ಲ, ಆನೆ ಬರುತ್ತಿತ್ತು. ಹಾಗಾಗಿ ನಮ್ಮ ಮೂರು ರಾಜರು ಮೈಸೂರು ಪೇಟ ಸುತ್ತಿಕೊಂಡು ಅಂಬಾರಿಯಲ್ಲಿ ಬರುತ್ತಿದ್ದರು. ರಟ್ಟಿನ ಮೇಲೆ ಬರೆದು ಕತ್ತರಿಸಿದ ಅವರನ್ನು ಮೊದಲ ದಿನ ಗೇಟಿನ ಹತ್ತಿರ ಇಡುವುದು. ಆಮೇಲೆ ದಿನಾ ಸಂಜೆ ಒಂದು ಮಗು ಆನೆಗಳನ್ನು ಒಂದು ಗೇಣು ಮುಂದಕ್ಕೆ ಸರಿಸುವುದು. ಜನವರಿಯ ಮೂರು ರಾಜರ ಹಬ್ಬದ ದಿನ ಗೋದಲಿ ಮುಟ್ಟುವುದು. ದಸರಾ ನೋಡಿದ ಮಕ್ಕಳು ನಾವು, ಸವಾರಿ ಯಾವ ವೇಗದಲ್ಲಿ ಹೋಗಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡದು ಬಾಲಯೇಸು. ಮೇಣದ ಮಗು. ಯಾವುದೋ ಕಾಲದಲ್ಲಿ ಹಡಗಿನಲ್ಲಿ ಫ್ರಾನ್ಸಿನಿಂದ ಬಂದದ್ದು. ಗಾಜಿನ ಕಣ್ಣು, ನಿಜವಾದ ಕೂದಲಿನ ರೆಪ್ಪೆ, ಬೆರಳಿಗೆ ಉಗುರು ಕೂಡ ಇತ್ತು. ವರ್ಷವೆಲ್ಲ ಹತ್ತಿಯಲ್ಲಿ ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿರುತ್ತಿದ್ದರು. ಕ್ರಿಸ್ಮಸ್ ಬೆಳಗಿನ ಪೂಜೆಯಾದ ಮೇಲೆ ಒಬ್ಬಳು ಹುಡುಗಿ ಅದನ್ನು ಸ್ಯಾಟಿನ್ ದಿಂಬಿನ ಮೇಲಿಟ್ಟುಕೊಂಡು, ಎಲ್ಲರ ಮುಂದೆ ನಡೆದು ಹೋಗಿ ಗೋದಲಿಯಲ್ಲಿ ಮಲಗಿಸಬೇಕು. ಆಮೇಲೆ ಊರೆಲ್ಲ ಸಾಲು ನಿಂತು ಅದರ ಪಾದಕ್ಕೆ ಮುತ್ತಿಡುವುದು. ಆ ಹುಡುಗಿ ಯಾರು ಅನ್ನುವುದನ್ನು ಆರಿಸುತ್ತಿದ್ದದ್ದು ಮಾಮ. ನಾನು ನಡೆಯೋಕೆ ಕಲಿತಾಗಿನಿಂದ ರಾಗಿ ಪೈರಿಗೆ ನೀರು ಹಾಕಿದವಳು, ಸಗಣಿ ಕಲಸಿದವಳು.

ನನಗೆ ಒಂಬತ್ತು ತುಂಬಿದ ವರ್ಷ ಮಾಮ ನನ್ನ ಗದ್ದ ಎತ್ತಿ ಬೆಳಕಿಗೆ ತಿರುಗಿಸಿದರು. ಮುಂದಿನ ಹಲ್ಲೊಂದು ಬಿದ್ದಿತ್ತು. ತುಟಿ ಬಿಗಿದುಕೊಂಡೆ.

"ಬಾಯಿ ಬಿಡು. ಹ್ಞೂ. ಹಲ್ಲು ಬರೋವರೆಗೂ ಕಾಯೋಕಾಗಲ್ಲ. ಈ ವರ್ಷ ಇವಳೇ."

ಅಮ್ಮ ತನ್ನ ಮದುವೆಯ ವೇಲಿನ ನೆಟ್ಟು ಬಿಚ್ಚಿ ನನಗೆ ಫ್ರಾಕ್ ಹೊಲಿದಳು. ನಾನು ಮನೆಯಲ್ಲಿ ದಿಂಬಿನ ಮೇಲೆ ಸೋರೆಕಾಯಿ ಇಟ್ಟುಕೊಂಡು ಹಜಾರದ ಈ ತುದಿಯಿಂದ ಆ ತುದಿಗೆ ನಡೆದು ಪ್ರಾಕ್ಟೀಸ್ ಮಾಡಿದೆ. ಕಾಲಿಗೆ ಬೆಕ್ಕು ಅಡ್ಡ ಬಂದರೂ ಸೋರೆಕಾಯಿ ಒಂದು ಸಲವೂ ಬೀಳಲಿಲ್ಲ. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಹಬ್ಬಕ್ಕೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಮಾಮ ಗಾಜಿನ ಪೆಟ್ಟಿಗೆ ತೆಗೆದು ನೋಡಿ, "ಕೆನ್ನೆ ಬಿಳಿಚಿಕೊಂಡಿದೆ," ಅಂದರು. "ಹುಷಾರಿಲ್ಲದ ಮಗು ಥರ ಇದೆ. ಸ್ವಲ್ಪ ಬಣ್ಣ ಕೊಡ್ಬೇಕು."

ಅದಕ್ಕೆ ಸ್ಟುಡಿಯೋ ಬೆಳಕೇ ಆಗಬೇಕು. ಆದರೆ ಬಾಲಯೇಸು ಚರ್ಚಿನ ಕಾಂಪೌಂಡು ದಾಟಬಾರದು ಅಂತ ಫಾದರ್ ಮೊದಲಿಂದಲೂ ಕಟ್ಟಪ್ಪಣೆ ಮಾಡಿದ್ದರು. ಮಾಮ ಸುತ್ತ ನೋಡಿದರು. ಆಮೇಲೆ ನನ್ನ ಬಟ್ಟೆಯ ಸ್ಕೂಲ್ ಬ್ಯಾಗಿನ ಕಡೆ ನೋಡಿದರು.

"ನಿನ್ನ ಬ್ಯಾಗಲ್ಲಿ ಏನಿದೆ ಅಂತ ಯಾರು ನೋಡ್ತಾರೆ ಮಗು."

ಪುಸ್ತಕಗಳನ್ನು ಗೋದಲಿಯ ಹುಲ್ಲಿನಲ್ಲಿ ಬಚ್ಚಿಟ್ಟು, ಮಗುವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗಿಳಿಸಿದೆವು. ಗೇಟಿನ ಹತ್ತಿರ ನಮಗೆ ಜಪ ಕಲಿಸುವ ಚರ್ಚಿನ ಉಪದೇಶಿ ಕೂತಿದ್ದರು, ಜಪಮಾಲೆ ಮಣಿ ಎಣಿಸುತ್ತಾ. "ಏನಮ್ಮ, ಬ್ಯಾಗನ್ನ ಕೂಸಿನ ಹಾಗೆ ಎತ್ಕೊಂಡಿದೀಯ?" ಅಂದರು. ನಾನು ನಕ್ಕುಬಿಟ್ಟೆ. ಮಾಮ ಗಂಭೀರವಾಗಿ, "ಓದೋ ಹುಡುಗಿ," ಅಂದರು.

ಆ ಕಾಲದ ಸ್ಟುಡಿಯೋಗಳಿಗೆ ಬೆಳಕು ಬರಲಿ ಅಂತ ಚಾವಣಿಗೆ ಗಾಜು ಹಾಕಿರುತ್ತಿದ್ದರು. ಅದರ ಕೆಳಗೆ ಮಾಮ ಕೂತು ಇಲಿಬಾಲದಂಥ ಬ್ರಷ್ಷಿನಿಂದ ಮಗುವಿನ ಕೆನ್ನೆಗೆ ಬಣ್ಣ ಹಚ್ಚಿದ್ದನ್ನು ನಾನು ಉಸಿರು ಹಿಡಿದು ನೋಡಿದೆ. ಯಾರೂ ಹಿಡಿ ಅನ್ನಲಿಲ್ಲ, ನಾನಾಗಿಯೇ ಹಿಡಿದೆ. ಅಷ್ಟು ಚೆಂದವಾಯಿತು. ಆಮೇಲೆ ಮಗುವನ್ನು ಕಪ್ಪು ಮಖಮಲ್ಲಿನ ಮೇಲೆ ಮಲಗಿಸಿ, ಬೇಗ ಒಣಗಲಿ ಅಂತ, ಗಿರಾಕಿಗಳ ಮುಖಕ್ಕೆ ಬೆಳಕು ತಿರುಗಿಸುವ ತಗಡನ್ನು ಅದರ ಕಡೆಗೆ ಓರೆಯಾಗಿ ನಿಲ್ಲಿಸಿದರು.

"ಬಣ್ಣ ಒಣಗಲಿ. ಅಷ್ಟರಲ್ಲಿ ಬೇಕರಿಗೆ ಹೋಗಿ ಬರೋಣ. ನಿಮ್ಮತ್ತೆ ಕೇಕ್ ಕಾಯೋಕೆ ಹೇಳಿದಾಳೆ."

ಆಗ ಯಾರ ಮನೆಯಲ್ಲೂ ಅವನ್ ಇರಲಿಲ್ಲ. ಕೇಕಿನ ಹಿಟ್ಟನ್ನು ಮನೆಯಲ್ಲಿ ಕಲಸಿ, ಟಿನ್ನಿಗೆ ಸುರಿದು, ಬೇಕರಿಯ ಸೌದೆ ಒಲೆಗೆ ಕೊಟ್ಟು, ಅಲ್ಲೇ ಸ್ಟೂಲ್ ಹಾಕಿಕೊಂಡು ಕಾವಲು ಕೂರಬೇಕು. ಇಲ್ಲದಿದ್ದರೆ ನಮ್ಮ ದ್ರಾಕ್ಷಿ ಗೋಡಂಬಿಯ ಕೇಕು ಇನ್ನೊಬ್ಬರ ಮನೆಗೆ ಹೋಗಿ, ಅವರ ಬರೀ ಹಿಟ್ಟಿನದು ನಮಗೆ ಬರುತ್ತಿತ್ತು. ಅಲ್ಲಿ ಆಗಲೇ ಆರೇಳು ಹೆಂಗಸರು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತಿದ್ದರು.

"ಆ ಮೂಲೇದು ನಮ್ಮದು ಕಣ್ರೀ, ದಾರ ಕಟ್ಟಿದೀನಿ."

"ದಾರ ಸುಟ್ಟುಹೋಗುತ್ತೆ ಕಣಮ್ಮ. ನಾನು ಟಿನ್ನಿಗೆ ಮೊಳೇಲಿ ಶಿಲುಬೆ ಗೀಚಿದೀನಿ."

"ಎಲ್ಲಾರೂ ಅದನ್ನೇ ಗೀಚಿದೀರಲ್ಲ ತಾಯಿ," ಅಂದ ಬೇಕರಿಯವನು.

ಮಾಮ ಎಲ್ಲರನ್ನೂ ನಗಿಸುತ್ತಾ ಕೂತರು. ಅತ್ತೆಯ ಟಿನ್ ಹೊರಬಂದಾಗ ಬಿಸಿಲು ಆಚೆ ತಿರುಗಿತ್ತು. ಕೇಕನ್ನು ನಾವು ಅಷ್ಟು ಜೋಪಾನವಾಗಿ ಕಾದೆವು.

ಸ್ಟುಡಿಯೋಗೆ ಬಂದು ನೋಡಿದರೆ ಮಗುವಿನ ಕೆನ್ನೆ ಕಿವಿಯ ಕಡೆಗೆ ಇಳಿದಿತ್ತು. ಮೂಗು ಇರಲಿಲ್ಲ. ಒಂದು ಗಾಜಿನ ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ಚಾವಣಿಯನ್ನು. ಬೆರಳುಗಳೆಲ್ಲ ಕೂಡಿಕೊಂಡು ಬಾತುಕೋಳಿ ಕಾಲಾಗಿದ್ದವು. ಬಣ್ಣ ಮಾತ್ರ ಚೆನ್ನಾಗಿ ಒಣಗಿತ್ತು.

ಮಾಮ ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತುಬಿಟ್ಟರು. ಹಿಂದೆ ಅವರೇ ಬರೆದ ಕಾರಂಜಿ ಇತ್ತು. ದೊಡ್ಡವರು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಯಾರಿಗೂ ಹೇಳ್ಬೇಡ ಮಗು. ಫಾದರ್ ನನ್ನ ಗೋದಲಿಗೇ ಸೇರಿಸಲ್ಲ. ಪ್ರಾಮಿಸ್ ಮಾಡು."

ಮಾಡಿದೆ. ಎ ಪ್ರಾಮಿಸ್ ಈಸ್ ಎ ಪ್ರಾಮಿಸ್ ಅಂತ ಕಾನ್ವೆಂಟಿನಲ್ಲಿ ಸಿಸ್ಟರ್ ದಿನಾ ಹೇಳಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು. ಮಾಮನಿಗೂ ನನಗೂ ಒಂದು ಸೀಕ್ರೆಟ್.

ಮಾರನೆಯ ದಿನವೇ ಮಾಮ ಬದಲಿ ಮಗು ಹುಡುಕಿದರು. ಹಿಂದಿನ ಬೀದಿಯಲ್ಲಿ ಅರಮನೆ ಗುಮಾಸ್ತರೊಬ್ಬರ ಮನೆ. ಅವರ ತಾಯಿ ದಸರಾಕ್ಕೆ ಗೊಂಬೆ ಕೂರಿಸಿದರೆ ನಾವೆಲ್ಲ ನೋಡೋಕೆ ಹೋಗುತ್ತಿದ್ದೆವು. ಆ ಅಜ್ಜಿಯ ಹತ್ತಿರ ಆಲದೆಲೆಯ ಕೃಷ್ಣನೊಬ್ಬನಿದ್ದ. ಅಂಗಾತ ಮಲಗಿ, ಬಲಗಾಲಿನ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡ ನೀಲಿ ಮಗು. ಅಳತೆ ಸರಿಯಾಗಿ ಹೊಂದುತ್ತಿತ್ತು.

"ತಗೊಂಡು ಹೋಗಪ್ಪ," ಅಂದರು ಅಜ್ಜಿ. "ಮುಂದಿನ ದಸರಾಕ್ಕೆ ವಾಪಸ್ ಬರಬೇಕು ನೋಡು. ಅವನ ಜಾಗ ಖಾಲಿ ಇಟ್ಟಿರ್ತೀನಿ."

ಎಲೆ ಬಿಡಿಸಿ, ನವಿಲುಗರಿ ಕಿತ್ತು, ನೀಲಿಯ ಮೇಲೆ ಗುಲಾಬಿ ಹಚ್ಚಿದರು. ಈ ಸಲ ನೆರಳಲ್ಲಿ ಒಣಗಿಸಿದರು. ಕಾಲು ಮಾತ್ರ ಬಾಯಿಂದ ಬರಲಿಲ್ಲ. ಗಾರೆಯ ಗೊಂಬೆ, ಎಳೆದರೆ ತುಟಿಯೂ ಬರುತ್ತಿತ್ತು.

ಗಾಜಿನ ಪೆಟ್ಟಿಗೆ ಖಾಲಿಯಾದದ್ದು ಫಾದರಿಗೆ ಗೊತ್ತಾಗಲೇಬೇಕಿತ್ತು, ಗೊತ್ತಾಯಿತು. ಹಬ್ಬಕ್ಕೆ ಎರಡು ದಿನ ಮುಂಚೆ ನನ್ನನ್ನು ಚರ್ಚಿನ ಒಳಕೋಣೆಗೆ ಕರೆಸಿದರು. ಪೂಜೆಯ ಉಡುಪು ಇಡುವ ಕೋಣೆ. ಫಾದರ್ ಕುರ್ಚಿಯಲ್ಲಿದ್ದರು, ಉಪದೇಶಿ ಬಾಗಿಲ ಹತ್ತಿರ, ಮಾಮ ನಡುವೆ. ಮಾಮನನ್ನು ಕಂಡು ನನಗೆ ಧೈರ್ಯವಾಗಿ ಹೋಗಿ ಅವರ ಪಕ್ಕದಲ್ಲೇ ನಿಂತೆ.

"ಮೇಣದ ಬಾಲಯೇಸು ಎಲ್ಲಿದ್ದಾನೆ?" ಅಂದರು ಫಾದರ್.

ಮಾಮ ಕೆಮ್ಮಿದರು. "ಮಗು, ಫಾದರ್. ಕೈ ಚಿಕ್ಕದು. ಜಾರಿಬಿಡ್ತು. ಚೂರು ಚೂರಾಯ್ತು. ಮಂತ್ರಿಸಿದ ವಸ್ತು ಅಂತ ಸಮಾಧಿ ತೋಟದಲ್ಲಿ ಹೂತೆ. ಬದಲಿಗೆ ಬೇರೆ ಬಾಲಯೇಸು ತಂದಿದೀನಿ."

ನನಗೆ ಮೊದಲು ಅರ್ಥವಾಗಲಿಲ್ಲ. ಯಾವ ಮಗು, ಯಾರ ಕೈ ಅಂತ ಸುತ್ತ ನೋಡಿದೆ.

"ಹೌದು, ಅವತ್ತು ಬ್ಯಾಗನ್ನ ಎತ್ಕೊಂಡು ಹೋಗ್ತಿದ್ದಳು," ಅಂದರು ಉಪದೇಶಿ. "ನಾನು ಕೇಳಿದ್ದಕ್ಕೆ ನಕ್ಕಳು."

"ಇದು ಸತ್ಯವೇ, ಮಗಳೇ?"

ನಾನು ಮಾಮನ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಅವರ ಎರಡು ಬೆರಳು ನನ್ನ ತಲೆಯ ಮೇಲೆ ಬಂದು ಕೂತವು. ಒತ್ತಿದರು ಅಂತ ಹೇಳಲಾರೆ. ಸ್ಟುಡಿಯೋದಲ್ಲಿ ಎಷ್ಟು ಹಗುರವಾಗಿ ಇಡುತ್ತಿದ್ದರೋ ಅಷ್ಟೇ. ನನ್ನ ತಲೆ ತಾನಾಗಿ ಬಗ್ಗಿತು. ಫಾದರ್ ಅದನ್ನು ಒಪ್ಪಿಗೆ ಅಂದುಕೊಂಡರು.

"ಅಜಾಗರೂಕತೆಯು ದೊಡ್ಡ ದೋಷ," ಅಂದರು. ಆಮೇಲೆ ಮಾಮನ ಕಡೆ ತಿರುಗಿ, "ಈ ವರ್ಷ ನಿನ್ನ ಮಗಳು ಹೊರಲಿ."

ಮಾಮ ಬೇಡ ಅನ್ನಲಿಲ್ಲ. ಹೊರಗೆ ಬಂದಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ಬಣ್ಣ ಒಣಗಲಿ ಮಗು. ಹಬ್ಬ ಆದ ಮೇಲೆ ನಾನೇ ಫಾದರಿಗೆ ಎಲ್ಲಾ ಹೇಳ್ತೀನಿ," ಅಂದರು.

ಅವತ್ತು ಸಂಜೆ ಅತ್ತೆ ನಮ್ಮ ಮನೆಗೆ ಬಂದರು. ಪಾಪ, ಅವರಿಗೇನೂ ಗೊತ್ತಿಲ್ಲ. ಸೆರಗಿನ ಅಡಿಯಲ್ಲಿ ಕರ್ಜಿಕಾಯಿ ಬಟ್ಟಲು. ಬಾಗಿಲಲ್ಲೇ ನಿಂತು, "ಎರಡು ದಿನದಲ್ಲಿ ನನ್ನ ಮಗಳಿಗೆ ಬಿಳಿ ಫ್ರಾಕ್ ಎಲ್ಲಿಂದ ತರಲಿ ಅಕ್ಕಾ," ಅಂದರು. ಅಮ್ಮ ಒಳಗೆ ಹೋಗಿ ನನ್ನ ನೆಟ್ಟಿನ ಫ್ರಾಕನ್ನು ಮಡಿಸಿ ತಂದುಕೊಟ್ಟಳು. ಅತ್ತೆ ಹೋದ ಮೇಲೆ ನನ್ನನ್ನು ಕೇಳಿದಳು, "ನಿಜ ಹೇಳು, ನೀನೇನಾ ಬೀಳಿಸಿದ್ದು?"

ನಾನು ಪ್ರಾಮಿಸ್ ಮಾಡಿದ್ದೆ. ಅಮ್ಮ ಸೋರೆಕಾಯಿ ತೆಗೆದುಕೊಂಡು ಹೋಗಿ ಪಲ್ಯ ಮಾಡಿದಳು.

ಕ್ರಿಸ್ಮಸ್ ಬೆಳಿಗ್ಗೆ ಅವರ ಮಗಳು ನನ್ನ ಫ್ರಾಕ್ ಹಾಕಿಕೊಂಡು ಬಾಲಯೇಸುವನ್ನು ಹೊತ್ತಳು. ಚೆನ್ನಾಗಿಯೇ ಹೊತ್ತಳು, ಅವಳ ಮೇಲೆ ನನಗೆ ದೂರಿಲ್ಲ. ಗೋದಲಿಯ ಮುಂದೆ ಫಾದರ್ ಮೇಲಿನ ಬಟ್ಟೆ ಸರಿಸಿದರು. ಕನ್ನಡಕ ಹಣೆಗೇರಿತು.

"ಈತನ ಪಾದವು ಬಾಯಲ್ಲಿ ಏಕೆ ಇದೆ?"

"ಈಗ ತಾನೇ ಹುಟ್ಟಿರೋದು ಫಾದರ್," ಅಂದರು ಮಾಮ. "ಹಸಿವು."

ಸಾಲಿನಲ್ಲಿದ್ದವರಿಗೆಲ್ಲ ಒಂದೇ ನೋಟಕ್ಕೆ ಗೊತ್ತಾಯಿತು, ಇದು ಯಾರ ಮನೆಯ ಯಾವ ಮಗು ಅಂತ. ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ಪಾದ ಬಾಯಲ್ಲಿತ್ತು, ಇನ್ನೊಂದಕ್ಕೆ ಬಗ್ಗಿ ಬಗ್ಗಿ ಮುತ್ತಿಟ್ಟರು. ಗೋದಲಿ ನೋಡೋಕೆ ಬಂದಿದ್ದ ಆ ಅಜ್ಜಿಯೂ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿ ನನ್ನ ಹತ್ತಿರ ಬಂದರು. "ಬೆಳ್ಳಗಾಗಿದಾನೆ ಕಣೆ. ಆದರೂ ಈ ಚಳೀಲಿ ಬರಿಮೈಲಿ ಮಲಗಿಸಿದಾರಲ್ಲ, ಏನಾದ್ರೂ ಹೊದಿಸಕ್ಕೆ ಹೇಳು."

ಜನ ಮಗುವನ್ನು ನೋಡಿ ಮುಗುಳ್ನಗುತ್ತಿದ್ದರು, ಆಮೇಲೆ ನನ್ನನ್ನು ನೋಡಿ ಪಿಸುಗುಟ್ಟುತ್ತಿದ್ದರು. ನಾನು ಹೋದ ವರ್ಷದ ಕಂದು ಫ್ರಾಕಿನಲ್ಲಿ ನಿಂತಿದ್ದೆ.

ಹಬ್ಬ ಆಯಿತು. ಆನೆಗಳು ಗೇಣು ಗೇಣಾಗಿ ಬಂದು ಗೋದಲಿ ಮುಟ್ಟಿದವು. ಮಾಮ ಫಾದರಿಗೆ ಹೇಳಲಿಲ್ಲ. ಬೂದಿ ಬುಧವಾರ ಬಂತು, ಈಸ್ಟರ್ ಬಂತು. ನಾನು ಪ್ರತಿ ಭಾನುವಾರ ಮಾಮನ ಕಡೆ ನೋಡುವೆ, ಅವರು ಪೂಜೆಯ ಕಡೆ ನೋಡುವರು. ಬೀದಿಯಲ್ಲಿ ಗದ್ದ ಎತ್ತುವುದನ್ನೂ ನಿಲ್ಲಿಸಿದರು. ದಸರಾದಲ್ಲಿ ಅಜ್ಜಿಯ ಗೊಂಬೆ ಮೆಟ್ಟಿಲಲ್ಲಿ ಒಂದು ಜಾಗ ಖಾಲಿಯಿತ್ತು. "ನಮ್ಮ ಕೃಷ್ಣ ಯಾವಾಗ ಬರ್ತಾನಪ್ಪ?" ಅಂತ ಅಜ್ಜಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಮಾಮ ಏನು ಉತ್ತರ ಕೊಟ್ಟರು ಅಂತ ಬರೆಯಬೇಕಾಗಿಲ್ಲ. ಅಜ್ಜಿ ಇರುವವರೆಗೂ ಪ್ರತಿ ದಸರಾದಲ್ಲೂ ಆ ಜಾಗ ಖಾಲಿಯೇ ಇತ್ತು.

ನನಗೆ ಹೆಸರು ಅಂಟಿತು. ಕಾನ್ವೆಂಟಿನಲ್ಲಿ ಏನಾದರೂ ಒಯ್ಯಬೇಕಾದರೆ ಸಿಸ್ಟರ್, "ನಾಟ್ ಯೂ, ಡಿಯರ್," ಅನ್ನುವರು. ಮದುವೆ ಮನೆಯಲ್ಲಿ ನನ್ನ ಕೈಗೆ ಯಾರದಾದರೂ ಕೂಸು ಬಂದರೆ, "ಹುಷಾರಮ್ಮ, ಅವಳು ಬಾಲಯೇಸುನೇ ಬೀಳಿಸಿದೋಳು," ಅನ್ನುವರು. ಎಲ್ಲ ತಮಾಷೆಗೆ. ಮೈಸೂರಿನವರು ಯಾರನ್ನೂ ನೋಯಿಸೋಕೆ ಅನ್ನುವುದಿಲ್ಲ.

ಮುಂದಿನ ವರ್ಷದ ಗೋದಲಿಯಲ್ಲಿ ಹೊಸ ಪರದೆ ಬಂತು. ಚಾಮುಂಡಿ ಬೆಟ್ಟದ ಮೇಲೆ ಈಗ ಒಬ್ಬ ದೇವದೂತ ಹಾರುತ್ತಿದ್ದ. ಎರಡು ಜಡೆ. ಬಾಯಿ ತೆರೆದು ಹಾಡುತ್ತಿದ್ದ, ಮುಂದಿನ ಹಲ್ಲೊಂದು ಇರಲಿಲ್ಲ. ಅಮ್ಮ ನನ್ನ ಭುಜ ಹಿಡಿದು, "ನೀನೇ ಕಣೆ," ಅಂದಳು.

ಅವತ್ತು ನನ್ನ ಮನಸ್ಸು ಎಷ್ಟು ಹಗುರವಾಯಿತು ಅಂತ ಹೇಗೆ ಹೇಳಲಿ. ಬಾಯಲ್ಲಿ ಹೇಳಲಾಗದ್ದನ್ನು ಮಾಮ ಬಣ್ಣದಲ್ಲಿ ಹೇಳಿದ್ದಾರೆ, ಸಾರಿ ಕೇಳಿದ್ದಾರೆ, ಅಂದುಕೊಂಡೆ. ಊರಿಗೆ ಗೊತ್ತಾಗದಿದ್ದರೂ ನಮ್ಮಿಬ್ಬರಿಗೆ ಗೊತ್ತಲ್ಲ. ಆಮೇಲೆ ಯಾರು ಏನು ತಮಾಷೆ ಮಾಡಿದರೂ ಆ ದೇವದೂತನನ್ನು ನೆನೆದುಕೊಂಡು ನಗುತ್ತಿದ್ದೆ. ಮದುವೆಯಾಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗುವವರೆಗೂ ಅದೇ ನನಗೆ ಆಸರೆ.

ಚೊಚ್ಚಲ ಬಾಣಂತನಕ್ಕೆ ಬಂದಾಗ ಮಾಮನನ್ನು ನೋಡೋಕೆ ಹೋದೆ. ಮೂವತ್ತರ ದಶಕ, ಸ್ಟುಡಿಯೋ ಬಿಟ್ಟು ಮನೆಯಲ್ಲೇ ಇದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಜಗಲಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಉಗುರಿನಲ್ಲಿ ಬಣ್ಣವಿರಲಿಲ್ಲ. ಪ್ರಾಮಿಸ್ಸಿನಿಂದ ಬಿಡುಗಡೆ ಕೇಳಬೇಕು, ದೇವದೂತನಿಗೆ ಥ್ಯಾಂಕ್ಸ್ ಹೇಳಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

"ಯಾರು ಬಂದಿದಾರೆ ಹೇಳ್ರೀ ನೋಡೋಣ," ಅಂದರು ಅತ್ತೆ. "ನಿಮ್ಮ ಗೋದಲಿಗೆ ಸಗಣಿ ಕಲಸ್ತಿದ್ದಳಲ್ಲ."

ಮಾಮ ಕೈ ಚಾಚಿದರು. ಎರಡು ಬೆರಳು ತಡವಿಕೊಂಡು ಬಂದು ನನ್ನ ಗದ್ದ ಹುಡುಕಿ ಎತ್ತಿದವು. "ಓಹೋ, ಬಾಲಯೇಸುನ ಬೀಳಿಸಿದೋಳು," ಅಂದು ನಕ್ಕರು.

ನಾನೂ ನಕ್ಕೆ. ಅತ್ತೆ ಕಾಫಿಗೆಂದು ಒಳಗೆ ಹೋಗುವವರೆಗೂ ಕಾದೆ. ಆಮೇಲೆ ಮೆಲ್ಲಗೆ ಕೇಳಿದೆ, "ಮಾಮ, ಬಣ್ಣ ಒಣಗಿತಾ?"

"ಯಾವ ಬಣ್ಣ?"

"ಸ್ಟುಡಿಯೋದಲ್ಲಿ ಬಿಸಿಲಿಗಿಟ್ಟಿದ್ರಲ್ಲ. ತಗಡು ತಿರುಗಿಸಿ. ನಾವು ಕೇಕ್ ಕಾಯೋಕೆ ಹೋಗಿದ್ವಲ್ಲ."

ಮಾಮ ಯೋಚಿಸಿದರು. ನಾಟಕ ಮಾಡಲಿಲ್ಲ, ನಿಜವಾಗಿ ಯೋಚಿಸಿದರು. ಆಮೇಲೆ ನನ್ನ ಕೈ ತಟ್ಟಿದರು.

"ಇಷ್ಟು ವರ್ಷ ಅದನ್ನೇ ಮನಸ್ಸಲ್ಲಿಟ್ಕೊಂಡು ಕೊರಗ್ತಿದೀಯಾ ಮಗು? ನೀನು ಆಗ ಚಿಕ್ಕವಳು. ಕೈ ಚಿಕ್ಕದು, ಜಾರಿಬಿಡ್ತು. ಯಾರ ಕೈ ಜಾರಲ್ಲ? ಫಾದರಿಗೆ ನಾನೇ ಹೇಳ್ದೆ, ಮಗೂನ ಬೈಬೇಡಿ ಅಂತ."

ಅವರ ಕೈ ಇನ್ನೂ ನನ್ನ ಕೈ ಮೇಲೇ ಇತ್ತು.

"ಮಾರನೇ ವರ್ಷ ನಿನ್ನ ಮುಖಾನೇ ದೇವದೂತನಿಗೆ ಇಟ್ಟೆ. ನೋಡಿದ್ಯೋ ಇಲ್ವೋ? ಜನ ನಿನ್ನ ಆಡಿಕೊಳ್ತಿದ್ರು. ನಾನು ಕ್ಷಮಿಸಿಬಿಟ್ಟಿದೀನಿ ಅಂತ ಎಲ್ಲಾರಿಗೂ ತಿಳೀಲಿ ಅಂತ ಬರೆದೆ."

ನಾನು ಅವರ ಕಣ್ಣು ನೋಡಿದೆ. ಪೊರೆಯ ಹಿಂದೆ ಏನೂ ಕಾಣಲಿಲ್ಲ. ಅವರು ಸುಳ್ಳು ಹೇಳುತ್ತಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತೆ. ಆ ಕಥೆಯನ್ನು ಹಬ್ಬ ಹಬ್ಬಕ್ಕೂ ಹೇಳಿ, ಜನರನ್ನು ನಗಿಸಿ, ಪ್ರತಿ ಸಲವೂ ಒಂದೊಂದು ಕೈ ಬಣ್ಣ ಹಚ್ಚಿ, ಕೊನೆಗೆ ಅಡಿಯಲ್ಲಿದ್ದ ನೀಲಿ ಅವರಿಗೇ ಮರೆತುಹೋಗಿತ್ತು. ಆ ಸ್ಟುಡಿಯೋ, ಆ ತಗಡು, ಆ ಕುರ್ಚಿಯಲ್ಲಿ ಕೂತು ಅತ್ತದ್ದು, ಎಲ್ಲವನ್ನೂ ಈ ಲೋಕದಲ್ಲಿ ನನ್ನೊಬ್ಬಳ ಹತ್ತಿರ ಬಿಟ್ಟು ಅವರು ಆರಾಮವಾಗಿ ಬಿಸಿಲು ಕಾಯಿಸುತ್ತಿದ್ದರು.

"ಥ್ಯಾಂಕ್ಯೂ ಮಾಮ," ಅಂದೆ. ಕಾನ್ವೆಂಟಿನಲ್ಲಿ ಮ್ಯಾನರ್ಸ್ ಅಷ್ಟು ಚೆನ್ನಾಗಿ ಕಲಿಸಿದ್ದರು. ಅತ್ತೆ ತಂದ ಕಾಫಿ ಕುಡಿದೆ, ಕಪ್ಪು ತೊಳೆದಿಟ್ಟೆ, ಜಾರದ ಹಾಗೆ.

ಮರುವರ್ಷ ಮಾಮ ತೀರಿಕೊಂಡರು. ಬೆಂಗಳೂರಿನಿಂದ ಬಂದಿದ್ದೆ. ಮಣ್ಣಿಗೆ ಬಂದವರೆಲ್ಲ ಬೆಟ್ಟದ ಕಥೆ, ಬಸವನ ಕಥೆ, ಹಸಿದ ಬಾಲಯೇಸುವಿನ ಕಥೆ ಹೇಳಿಕೊಂಡು ಅಳುತ್ತಲೇ ನಗುತ್ತಿದ್ದರು. ನನಗೂ ಅಳು ಬಂತು. ಯಾಕೆ ಅಂತ ಕೇಳಿದರೆ ಈಗಲೂ ಹೇಳಲಾರೆ. ಹೊಳೆಯುವ ಕಾಗದದಿಂದ ನಕ್ಷತ್ರ ಕತ್ತರಿಸುವುದನ್ನು ನನಗೆ ಕಲಿಸಿದ್ದು ಅವರೇ. ಈಗಲೂ ಕತ್ತರಿ ಹಿಡಿದರೆ ನನ್ನ ಕೈ ಅವರ ಕೈಯ ಹಾಗೇ ತಿರುಗುತ್ತದೆ. ಅದೇ ನನಗೆ ಕೋಪ.

ಈ ಲೇಖನವನ್ನು ಹುಡುಗಿಯ ಕೈಗೆ ಕೊಡುತ್ತೇನೆ. ಓದಿ ಅವಳಿಗೆ ಬೇಜಾರಾದೀತು. ಅವಳ ತಾತ, ಅವಳ ಅಮ್ಮ ಹಾಕಿಕೊಂಡ ಫ್ರಾಕ್. ಸಂಚಿಕೆಗೆ ಹಾಕಿದರೆ ಪೂರ್ತಿ ಹಾಕಲಿ, ಇಲ್ಲದಿದ್ದರೆ ವಾಪಸ್ ಕೊಡಲಿ. ಬಸವನ ಜೋಕು ಮಾತ್ರ ಉಳಿಸಿಕೊಂಡು ಮಿಕ್ಕಿದ್ದು ಕತ್ತರಿಸಬಾರದು ಅಂತ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಗೋದಲಿಯಲ್ಲಿ ಈಗಲೂ ಅದೇ ಮಗು. ಎಷ್ಟೋ ಕೈ ಬಣ್ಣ ಕಂಡು ತುಸು ದಪ್ಪವಾಗಿದೆ. ಮೈಸೂರಿಗೆ ವಾಪಸ್ ಬಂದು ನೆಲೆಸಿದ ಮೇಲೆ ಪ್ರತಿ ಕ್ರಿಸ್ಮಸ್ಸಿಗೂ ಸಾಲಿನಲ್ಲಿ ನಿಂತು ನಾನೂ ಅದರ ಎಡಪಾದಕ್ಕೆ ಮುತ್ತಿಡುತ್ತೇನೆ. ಬಲಗಾಲು ಬಾಯಲ್ಲಿರುವುದರಿಂದ ಪಾಪ ಅದಕ್ಕೆ ಏನೂ ಹೇಳಲಾಗುವುದಿಲ್ಲ. ಇಷ್ಟು ವರ್ಷ ನಾವಿಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಿರುತ್ತಿದ್ದೆವು. ಈ ಸಲ ಬಗ್ಗಿದಾಗ ಅದಕ್ಕೆ ಮೊದಲು ತಿಳಿಸಬೇಕು, ನಾನು ಹೇಳಿಬಿಟ್ಟೆ ಅಂತ.